ಪಟ್ಟಿಯಣ್ಣ ಬಾಯಿ ಬಿಡದ ಶನಿವಾರ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಹೊಕ್ಕು ಎಡಕ್ಕೆ ತಿರುಗಿದರೆ ಉದ್ದನೆಯ ಕಾರಿಡಾರು. ಅದರ ಕೊನೆಯ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಒಳಗೆ ಐವತ್ತೇಳು ವರ್ಷದ ಒಬ್ಬರು ಮೊಣಕೈವರೆಗೂ ಸೋಪು ಹಚ್ಚಿಕೊಂಡು ಕೈ ತೊಳೆಯುತ್ತಿದ್ದಾರೆ. ಒಂದು ಸಲ ಅಲ್ಲ, ಮೂರು ಸಲ. ಆಮೇಲೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಥಾನು ಬಿಚ್ಚಿ, ಮೇಜಿನ ಅಂಚಿಗೆ ಹಿಡಿದು ಅಳತೆ ನೋಡಿ ಕತ್ತರಿಸುತ್ತಾರೆ. ಅಂಗೈ ಅಗಲದ್ದು ಒಂದು ರಾಶಿ, ಎರಡು ಬೆರಳಗಲದ್ದು ಇನ್ನೊಂದು ರಾಶಿ. ಕತ್ತರಿಸಿದ ಅಂಚು ಒಳಗೆ ಹೋಗುವಂತೆ ಪ್ರತಿಯೊಂದನ್ನೂ ನಾಲ್ಕು ಮಡಿಕೆ ಮಡಚುತ್ತಾರೆ. ಕಣ್ಣು ಎಲ್ಲೋ ಇದ್ದರೂ ಕೈ ತನ್ನ ಪಾಡಿಗೆ ಮಡಚುತ್ತಲೇ ಇರುತ್ತದೆ.

“ಅಂಚು ಹೊರಗಿದ್ರೆ ನೂಲು ಬಿಟ್ಕೊಳ್ಳುತ್ತೆ. ಒಂದೇ ಒಂದು ಎಳೆ ಗಾಯದೊಳಗೆ ಸಿಕ್ಕೊಂಡ್ರೂ ಸಾಕು, ಹದಿನೈದು ದಿನ ಸತಾಯಿಸುತ್ತೆ,” ಎನ್ನುತ್ತಾರೆ. ಮಡಚಿದ್ದೆಲ್ಲ ಸ್ಟೀಲಿನ ಡಬ್ಬಿ ಸೇರಿ, ಹಬೆಯಲ್ಲಿ ಬೇಯಲು ಹೊರಡುತ್ತದೆ. ನಿನ್ನೆ ಬೆಂದು ಬಂದ ಡಬ್ಬಿ ಇವತ್ತಿಗೆ.

ಆರು ಗಂಟೆಗೆ ಮೊದಲ ಗಿರಾಕಿ. ಒಲೆಯ ಬಾಗಿಲು ತಗುಲಿ ಮುಂಗೈ ಸುಟ್ಟುಕೊಂಡ ಬ್ರೆಡ್ ಕಾರ್ಖಾನೆಯ ಕೆಲಸಗಾರ. ರಾತ್ರಿಪಾಳಿ ಮುಗಿಸಿ ನೇರವಾಗಿ ಇಲ್ಲಿಗೇ ಬಂದಿದ್ದಾನೆ. ಹಳೇ ಪಟ್ಟಿ ಚರ್ಮಕ್ಕೆ ಅಂಟಿಕೊಂಡಿದೆ. ಕುರ್ಚಿಯಲ್ಲಿ ಕೂರುವ ಮೊದಲೇ ಅವನ ಮುಖ ಕಿವುಚಿದೆ.

“ಅಣ್ಣ, ಒಂದೇ ಸಲ ಎಳೆದುಬಿಡಿ. ಕಣ್ಮುಚ್ಕೊಂಡು ತಡ್ಕೋತೀನಿ.”

“ಎಳೆಯೋಕೆ ಇದೇನು ಹಗ್ಗಜಗ್ಗಾಟನಾ? ನೆನೀಲಿ. ಅಲ್ಲೀವರೆಗೂ ನೀನು ಹೇಳು, ರಾತ್ರಿ ಎಷ್ಟು ಬ್ರೆಡ್ ಬೇಯಿಸಿದ್ರಿ?”

ಅವನು ಲೆಕ್ಕ ಹೇಳುತ್ತಾನೆ. ಅದರಲ್ಲಿ ಕರಕಲಾದದ್ದು ಎಷ್ಟು, ಅದಕ್ಕೆ ಮೇಸ್ತ್ರಿ ಬೈದಿದ್ದು ಹೇಗೆ, ಮೇಸ್ತ್ರಿಯ ಮೀಸೆ ಹೇಗಿದೆ ಎಂಬಲ್ಲಿಗೆ ಮಾತು ಹೋಗುವಷ್ಟರಲ್ಲಿ ಉಪ್ಪುನೀರಲ್ಲಿ ನೆನೆದ ಪಟ್ಟಿ ತಾನಾಗಿ ಬಿಟ್ಟುಕೊಂಡು ತಟ್ಟೆಗೆ ಬಿದ್ದಿರುತ್ತದೆ. ಅವನಿಗೆ ಗೊತ್ತೇ ಆಗಿಲ್ಲ. “ತೆಗೆದಾಯ್ತಾ?” ಎಂದು ಕೈ ನೋಡಿಕೊಳ್ಳುತ್ತಾನೆ.

ಇವರಿಗೆ ಇಲ್ಲಿ ಎಲ್ಲರೂ ಇಟ್ಟಿರುವ ಹೆಸರು ಪಟ್ಟಿಯಣ್ಣ. ಸಂಬಳದ ಕಾಗದದಲ್ಲಿರುವ ಹುದ್ದೆ ಡ್ರೆಸ್ಸರ್. ಮೂವತ್ತೊಂದು ವರ್ಷದಿಂದ ಇದೇ ಕೋಣೆ. ದಿನಕ್ಕೆ ಎಪ್ಪತ್ತರಿಂದ ತೊಂಬತ್ತು ಗಾಯಗಳನ್ನು ತೊಳೆದು, ಮದ್ದಿಟ್ಟು ಕಟ್ಟುತ್ತಾರೆ. ಸೋಮವಾರ ನೂರು ದಾಟುವುದೂ ಉಂಟು, ಭಾನುವಾರದ ಬೈಕುಗಳ ದಯೆಯಿಂದ. ಸುಟ್ಟದ್ದು, ಕೊಯ್ದದ್ದು, ನಾಯಿ ಕಚ್ಚಿದ್ದು, ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು, ಸಕ್ಕರೆ ಕಾಯಿಲೆಯವರ ಪಾದ. ಡಾಕ್ಟರು ಬರೆದುಕೊಟ್ಟು ಮುಂದಿನ ರೋಗಿಯನ್ನು ಕರೆಯುತ್ತಾರೆ. ಆ ಗಾಯದ ಮುಖವನ್ನು ದಿನ ಬಿಟ್ಟು ದಿನ ನೋಡುವವರು ಇವರು. ಯಾವುದು ಮಾಯುತ್ತಿದೆ, ಯಾವುದು ಮಾಯುತ್ತಿರುವಂತೆ ನಟಿಸುತ್ತಿದೆ ಎಂದು ಮೂಗಿನಿಂದಲೇ ಹೇಳಬಲ್ಲರು. ಹೊಸದಾಗಿ ಬಂದ ಡಾಕ್ಟರುಗಳು ಮೊದಲ ತಿಂಗಳು ಇವರಿಗೆ ಹೇಳಿಕೊಡುತ್ತಾರೆ, ಎರಡನೇ ತಿಂಗಳಿಂದ ಇವರನ್ನು ಕೇಳುತ್ತಾರೆ.

ಕೋಣೆಯ ಬಾಗಿಲ ಮೇಲೆ ‘ಡ್ರೆಸ್ಸಿಂಗ್ ರೂಮ್’ ಎಂದು ಇಂಗ್ಲಿಷಿನಲ್ಲಿದೆ. ವಾರಕ್ಕೊಬ್ಬರಾದರೂ ಸ್ಕ್ಯಾನಿಂಗಿಗೆ ಕೊಟ್ಟ ನಿಲುವಂಗಿ ಹಿಡಿದುಕೊಂಡು ಬಟ್ಟೆ ಬದಲಿಸಲು ಒಳಗೆ ನುಗ್ಗುತ್ತಾರೆ. ಒಮ್ಮೆ ಒಬ್ಬ ದಪ್ಪನೆಯ ಮಹನೀಯರು ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿದ ಮೇಲೆ ಸುತ್ತ ಇಷ್ಟು ಜನ ಯಾಕಿದ್ದಾರೆಂದು ಸಿಟ್ಟಾಗಿದ್ದರಂತೆ. ಆ ಕಥೆಯನ್ನು ಪಟ್ಟಿಯಣ್ಣ ನಗುತ್ತಲೇ ಹೇಳುತ್ತಾರೆ. ಹೇಳಿ ಮುಗಿಸುವಾಗ ಮಾತ್ರ ನಗು ಅರ್ಧಕ್ಕೇ ನಿಲ್ಲುತ್ತದೆ.

“ಅವರದು ಗೊತ್ತಿಲ್ಲದೆ ಆದ ತಪ್ಪು. ನಾನು ಆ ಪದದ ಹಿಂದೆ ಬೇಕೂಂತಲೇ ಅವಿತುಕೊಂಡೋನು.”

ಪತ್ರಿಕೆಯಲ್ಲಿ ತಮ್ಮ ಬಗ್ಗೆ ಬರೆಯುತ್ತಾರೆಂದಾಗ ಅವರು ಹಾಕಿದ ಷರತ್ತು ಒಂದೇ: “ಒಳ್ಳೇ ಕೆಲಸ ಮಾಡ್ತಾರೆ ಅಂತ ಮಾತ್ರ ಬರೆಯೋದಾದ್ರೆ ಬೇಡ. ಶನಿವಾರದ್ದನ್ನೂ ಬರೀಬೇಕು.”

ಶನಿವಾರಕ್ಕೆ ಬರುವ ಮೊದಲು ಇನ್ನೂ ಹಿಂದಿನದನ್ನು ಹೇಳಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಟ್ಟಿಯಣ್ಣನಿಗೆ ನಾಚಿಕೆ ಎಂಬುದೇ ಇರಲಿಲ್ಲ. ಅಕ್ಕನಿಗೆ ಮಗುವಾದಾಗ ರಜೆ ಹಾಕಿ ನೋಡಲು ಹೋದರು. ಎರಡು ತಿಂಗಳ ಕೂಸು. ಎತ್ತಿಕೊಂಡು ಮುದ್ದು ಮಾಡುತ್ತಾ, ಆಸ್ಪತ್ರೆಯಲ್ಲಿ ತಾನು ಮಾಡುವುದೇನೆಂದು ಉತ್ಸಾಹದಿಂದ ಹೇಳುತ್ತಿದ್ದರು. ಕೀವು ತೆಗೆಯುವುದು ಹೇಗೆ, ಹುಳು ಬಿದ್ದ ಗಾಯ ತೊಳೆಯುವುದು ಹೇಗೆ ಎಂಬಲ್ಲಿಗೆ ಬಂದಾಗ ಅಕ್ಕನ ಅತ್ತೆ ಎದ್ದು ಬಂದರು. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಕೂಸನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡರು. “ಆ ಕೈಯಲ್ಲಿ ಬೇಡಪ್ಪ,” ಅಂದರು, ಅಷ್ಟೇ. ಅಕ್ಕ ನೆಲ ನೋಡುತ್ತಾ ಕೂತಿದ್ದಳು.

“ಕೋಪ ಬರ್ಬೇಕಿತ್ತು. ಬರ್ಲಿಲ್ಲ. ನನ್ನ ಕೈ ನಾನೇ ನೋಡ್ಕೊಂಡೆ. ಅಯ್ಯೋ ಹೌದಲ್ವಾ ಅನ್ನಿಸ್ತು,” ಎನ್ನುತ್ತಾರೆ ಪಟ್ಟಿಯಣ್ಣ. “ಅವತ್ತಿಂದ ಶುರುವಾಯ್ತು ನೋಡಿ.”

ಆಮೇಲೆ ಹೆಣ್ಣು ನೋಡಲು ಹೋದ ಎರಡು ಕಡೆ, ಕೆಲಸದ ವಿವರ ತಿಳಿದ ಕೂಡಲೇ ಮಾತು ಮುರಿದುಬಿತ್ತು. ಮೂರನೆಯ ಕಡೆ ಅಣ್ಣ ಜಾಣತನ ಮಾಡಿದ. “ನಮ್ಮ ಹುಡುಗ ದೊಡ್ಡಾಸ್ಪತ್ರೇಲಿ ಡ್ರೆಸ್ಸರ್,” ಎಂದು ಹೇಳಿ ಬಾಯಿ ಮುಚ್ಚಿಕೊಂಡ. ಹೆಣ್ಣಿನ ತಂದೆ ತಲೆದೂಗಿದರು: “ಓಹೋ, ಡಾಕ್ಟರು ನರ್ಸುಗಳ ಡ್ರೆಸ್ಸು ನೋಡ್ಕೊಳ್ಳೋದು. ಅಚ್ಚುಕಟ್ಟಾದ ಕೆಲಸ.” ಯಾರೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಪಟ್ಟಿಯಣ್ಣ ಚಹಾದ ಲೋಟದೊಳಕ್ಕೆ ನೋಡುತ್ತಾ ಕೂತಿದ್ದರು. ಮದುವೆ ಆಯಿತು.

ಹೆಂಡತಿಗೆ ತಿಳಿಯಲು ಒಂದು ತಿಂಗಳೂ ಬೇಕಾಗಲಿಲ್ಲ. ಒಗೆಯಲು ತೆಗೆದ ಅಂಗಿಯ ಜೇಬಿನಲ್ಲಿ ಗಾಜ್ ತುಂಡು, ತೋಳಿನ ಅಂಚಿನಲ್ಲಿ ಹಳದಿ ಕಲೆ. ಕೇಳಿದಳು, ಹೇಳಿದರು. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ, “ಕೆಲಸ ಏನಾದ್ರೂ ಆಗ್ಲಿ, ನನ್ನ ಹತ್ರ ಸುಳ್ಳು ಹೇಳ್ಬೇಡಿ,” ಅಂದಳು. ಹೆಂಡತಿಗೆ ಆಮೇಲೆ ಒಂದು ಸುಳ್ಳನ್ನೂ ಹೇಳಿಲ್ಲ ಎಂದು ಪಟ್ಟಿಯಣ್ಣ ಆಣೆ ಮಾಡುತ್ತಾರೆ. ಆದರೆ ಮಗಳು ಹುಟ್ಟಿದಾಗ, ಆಸ್ಪತ್ರೆಯಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಮನೆಗೆ ಬರತೊಡಗಿದರು. ಮಗಳಿಗೆ ಮಾತು ಬಂದು, ಅಪ್ಪ ಏನು ಮಾಡುತ್ತಾರೆ ಎಂದು ಕೇಳುವ ವಯಸ್ಸಾದಾಗ, ಮಾವ ಅಂದು ತಾವಾಗಿಯೇ ಕಟ್ಟಿಕೊಂಡ ಅರ್ಥ ಕೈಗೆ ಸಿಕ್ಕಿತು. “ಡಾಕ್ಟರ ಡ್ರೆಸ್ಸು, ನರ್ಸಮ್ಮನ ಡ್ರೆಸ್ಸು, ಎಲ್ಲಾ ಅಪ್ಪಂದೇ ಜವಾಬ್ದಾರಿ, ಮರಿ.”

ಮಗಳು ಇದನ್ನು ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಳು. ಶಾಲೆಯ ಇಂಗ್ಲಿಷ್ ಟೀಚರಿಗೆ ವಾರ್ಷಿಕೋತ್ಸವದ ನಾಟಕ ಮಾಡಿಸುವ ಹೊಣೆ. ಅವರು ಹೇಳಿ ಕಳಿಸಿದರು: “ನಿಮ್ಮಪ್ಪ ಡ್ರೆಸ್ಸರ್ ಅಲ್ವಾ? ಮಕ್ಕಳಿಗೆ ವೇಷ ಹಾಕೋಕೆ ಕರ್ಕೊಂಡ್ ಬಾ.”

ಪಟ್ಟಿಯಣ್ಣ ಲೆಕ್ಕ ಹಾಕಿದರು: ಹೋಗದಿದ್ದರೆ ಸಿಕ್ಕಿಬೀಳುತ್ತೇನೆ, ಹೋದರೂ ಸಿಕ್ಕಿಬೀಳುತ್ತೇನೆ. ರಜೆ ಹಾಕಿ ಹೋದರು. ಆದರೆ ಮೂವತ್ತು ಮಕ್ಕಳಿಗೆ ಪಿನ್ನು ಚುಚ್ಚುವುದು, ಅಲ್ಲಾಡುವವರನ್ನು ಮಾತಿನಲ್ಲಿ ಹಿಡಿದು ನಿಲ್ಲಿಸುವುದು, ಬಟ್ಟೆಯನ್ನು ಸಡಿಲವೂ ಆಗದಂತೆ ಬಿಗಿಯೂ ಆಗದಂತೆ ಸುತ್ತುವುದು ಅವರಿಗೆ ಹೊಸತೇನಲ್ಲವಲ್ಲ! ರಾಜನಿಗೆ ಪೇಟ, ಮುದುಕನಿಗೆ ರುಮಾಲು, ಭೂತಕ್ಕೆ ಮೈತುಂಬ ಬಿಳಿ ಬಟ್ಟೆ. ಭೂತದ ಮೇಲಂತೂ ಅವರ ಪೂರ್ತಿ ಅನುಭವ ಖರ್ಚಾಯಿತು. ನಾಟಕ ಮುಗಿಯುವವರೆಗೂ ಒಂದು ಪೇಟವೂ ಜಾರಲಿಲ್ಲ. “ಎಂಥಾ ಕೈ ರೀ ನಿಮ್ಮದು!” ಎಂದು ಟೀಚರು ಎಲ್ಲರೆದುರಿಗೆ ಹೊಗಳಿದರು. ಮಗಳು ಅಪ್ಪನ ಆ ಕೈಯನ್ನೇ ಹಿಡಿದುಕೊಂಡು ನಿಂತಿದ್ದಳು.

ಆರು ವರ್ಷ, ಆರು ವಾರ್ಷಿಕೋತ್ಸವ. ಪ್ರತಿ ಸಲವೂ ಮನೆಗೆ ಬಂದು ಊಟ ಸೇರುತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಮಗಳು ಕಾಲೇಜು ಸೇರಿದ ನಂತರ, ಒಂದು ಮಂಗಳವಾರ ಬೆಳಗ್ಗೆ ಆ ಟೀಚರು ಡ್ರೆಸ್ಸಿಂಗ್ ರೂಮಿನ ಸಾಲಿನಲ್ಲಿ ಕೂತಿದ್ದರು. ನಿವೃತ್ತಿಯಾಗಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸಕ್ಕರೆ ಕಾಯಿಲೆ. ಎಡಗಾಲಿನ ಅಂಗಾಲಲ್ಲಿ ನಾಣ್ಯದಗಲದ ಹುಣ್ಣು. ಪಾದ ಮರಗಟ್ಟಿದ್ದರಿಂದ ಚಪ್ಪಲಿಯೊಳಗೆ ಹೊಕ್ಕ ಕಲ್ಲು ಅವರಿಗೆ ಗೊತ್ತೇ ಆಗಿರಲಿಲ್ಲ.

ಪಟ್ಟಿಯಣ್ಣ ಕಂಡ ಕೂಡಲೇ ಮೂಗಿನ ಕೆಳಗಿದ್ದ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡರು. ಟೋಪಿಯನ್ನು ಹುಬ್ಬಿಗಿಳಿಸಿದರು. ಧ್ವನಿಯಿಂದ ಗುರುತು ಸಿಕ್ಕೀತೆಂದು ಬಾಯಿಯನ್ನೂ ಮುಚ್ಚಿದರು. ಇಡೀ ಆಸ್ಪತ್ರೆಯಲ್ಲಿ ಬಾಯಿಗೆ ಹೆಸರಾದ ಮನುಷ್ಯ, ಆ ಒಂದು ಕುರ್ಚಿಯ ಮುಂದೆ ಮಾತ್ರ ಮೂಗ. ಕೇಳಿದ್ದಕ್ಕೆಲ್ಲ ಹ್ಞೂಂ, ಉಹ್ಞೂಂ, ಇಲ್ಲವೇ ಕೈಸನ್ನೆ.

ಟೀಚರಿಗೆ ಮೌನ ಸಹಿಸದು. ಎದುರಿಗಿರುವವರು ಮಾತಾಡದಿದ್ದರೆ ಪಾಠ ಮಾಡುವುದು ಅವರ ನಲವತ್ತು ವರ್ಷದ ರೂಢಿ. ಬಾಗಿಲ ಮೇಲಿನ ಬೋರ್ಡು ನೋಡುತ್ತಾ ಶುರು ಮಾಡಿದರು.

“ಡ್ರೆಸ್ ಅಂದ್ರೆ ಬಟ್ಟೆ ಅಂತಲೇ ಎಲ್ಲರ ತಲೇಲೂ ಕೂತಿದೆ ನೋಡಿ. ಬಟ್ಟೆಗೆ ಆ ಹೆಸರು ಬಿದ್ದಿದ್ದು ತೀರಾ ಆಮೇಲೆ. ಲ್ಯಾಟಿನ್ನಲ್ಲಿ ‘ನೆಟ್ಟಗೆ’ ಅನ್ನೋ ಅರ್ಥದ ಒಂದು ಪದ ಇತ್ತು. ಅದು ಫ್ರೆಂಚರ ಬಾಯಿಗೆ ಬಿದ್ದು ‘ನೆಟ್ಟಗೆ ಮಾಡು, ಅಣಿ ಮಾಡು’ ಅಂತಾಯ್ತು. ಅಲ್ಲಿಂದ ಇಂಗ್ಲಿಷಿಗೆ ಬಂತು. ಕಲ್ಲುಕುಟಿಗ ಕಲ್ಲನ್ನ ಕೆತ್ತಿ ನೆಟ್ಟಗೆ ಮಾಡಿದ್ರೂ ಡ್ರೆಸ್ಸೇ. ಸಿಪಾಯಿಗಳು ಸಾಲು ಸರಿಮಾಡ್ಕೊಂಡ್ರೂ ಡ್ರೆಸ್ಸೇ. ಅಡಿಗೆಯೋನು ಕೋಳಿ ಕ್ಲೀನು ಮಾಡಿದ್ರೂ ಡ್ರೆಸ್ಸೇ.”

ಪಕ್ಕದ ಬೆಂಚಿನಲ್ಲಿ ಕೂತಿದ್ದ ಕೋಳಿ ಅಂಗಡಿಯವನು, ಹೆಬ್ಬೆರಳು ಕೊಯ್ದುಕೊಂಡು ಬಂದಿದ್ದವನು, “ಹಾಗಾದ್ರೆ ನಾನೂ ಡ್ರೆಸ್ಸರ್ರೇ ಅನ್ನಿ!” ಎಂದ. ಕೋಣೆಯೆಲ್ಲ ನಕ್ಕಿತು. ಪಟ್ಟಿಯಣ್ಣ ನಗಲಿಲ್ಲ, ತಲೆ ಎತ್ತಲಿಲ್ಲ. ಕಿವಿ ಮಾತ್ರ ಅಲ್ಲೇ ಇತ್ತು. ಮೂವತ್ತು ವರ್ಷ ಹೊತ್ತ ಹೆಸರಿಗೆ ನೆಟ್ಟಗೆ ಮಾಡುವವನು ಎಂಬ ಅರ್ಥವಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮಂಗಳವಾರ, ಗುರುವಾರ, ಶನಿವಾರ ಟೀಚರು ಬರುತ್ತಿದ್ದರು. ಪ್ರತಿ ಸಲವೂ ಒಂದು ಹೊಸ ಅರ್ಥ. ಹಡಗಿಗೆ ಬಾವುಟ ಏರಿಸುವುದಕ್ಕೂ ಅದೇ ಪದ, ಹೊಲಕ್ಕೆ ಗೊಬ್ಬರ ಹರಡುವುದಕ್ಕೂ ಅದೇ. ಅಡುಗೆ ಅಣಿಮಾಡುವ ಮೇಜಿಗೆ ಡ್ರೆಸ್ಸರ್ ಎಂದು ಹೆಸರಾಗಿ, ಅದೇ ಹೆಸರು ಮುಂದೆ ತಟ್ಟೆ ಜೋಡಿಸುವ ಕಪಾಟಿಗೆ ಅಂಟಿಕೊಂಡಿದ್ದು. ಮೂರನೆಯ ವಾರದ ಗುರುವಾರ ಇನ್ನೊಂದು ಹೇಳಿದರು. “ಅಡ್ರೆಸ್ ಕೂಡ ಇದರ ಒಡಹುಟ್ಟೇ. ಕಾಗದವನ್ನ ನೆಟ್ಟಗೆ ಒಬ್ಬರ ಕಡೆಗೆ ಕಳಿಸೋದು. ಎದುರಿಗಿರೋರ ಕಡೆ ನೆಟ್ಟಗೆ ತಿರುಗಿ ಮಾತಾಡೋದಕ್ಕೂ ಅದೇ ಪದ.” ಹೇಳಿ, ಮಾಸ್ಕಿನ ಮೇಲಿನ ಕಣ್ಣುಗಳನ್ನೇ ನೋಡಿದರು. ಪಟ್ಟಿಯಣ್ಣ ಪಟ್ಟಿಯ ತುದಿ ಸಿಕ್ಕಿಸುವುದರಲ್ಲಿ ಮುಳುಗಿದರು.

ಅದರ ಮರುದಿನದ ಮರುದಿನವೇ ಆ ಶನಿವಾರ.

ಅಂದು ಟೀಚರು ಒಬ್ಬರೇ ಬರಲಿಲ್ಲ. ಹಿಂದಿನ ಸಂಜೆ ದಾರಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿ, ಕುಂಟುತ್ತಿರುವುದನ್ನು ನೋಡಿ, ಬೆಳಗ್ಗೆ ತಾನೇ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದಿದ್ದಳಂತೆ. ಪಟ್ಟಿಯಣ್ಣ ತಲೆಯೆತ್ತಿ ನೋಡಿದರೆ ಟೀಚರ ಚೀಲ ಹಿಡಿದು ಬಾಗಿಲಲ್ಲಿ ನಿಂತಿರುವುದು ತಮ್ಮ ಮಗಳೇ.

ಮಗಳು ಗುರುತು ಹಿಡಿಯಲಿಲ್ಲ. ಟೋಪಿ, ಮಾಸ್ಕು, ಕೈಗವಸು, ಪ್ಲಾಸ್ಟಿಕ್ ಏಪ್ರನ್ನು. ಆ ಉಡುಪಿನಲ್ಲಿ ಎಲ್ಲರೂ ಒಂದೇ ತರ. ಹಳೇ ಪಟ್ಟಿ ಬಿಚ್ಚಿದಾಗ ಕೋಣೆಯಲ್ಲಿ ವಾಸನೆ ಎದ್ದಿತು. ಮಗಳು ಕರ್ಚೀಫು ತೆಗೆದು ಮೂಗು ಮುಚ್ಚಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಯ ಕಡೆ ತಿರುಗಿದಳು.

ಆ ವಾಸನೆ ಗುರುವಾರ ಇರಲಿಲ್ಲ. ಪಟ್ಟಿಯಣ್ಣನಿಗೆ ಅದು ಬಿಚ್ಚುವಾಗಲೇ ಗೊತ್ತಾಗಿತ್ತು. ಅಂಗಾಲಿನ ಹುಣ್ಣು ಸುಮಾರಾಗಿಯೇ ಇತ್ತು. ಆದರೆ ಕಿರುಬೆರಳನ್ನು ಸರಿಸಿ ನೋಡಿದರೆ, ಅದಕ್ಕೂ ಪಕ್ಕದ ಬೆರಳಿಗೂ ನಡುವೆ ಮೆಣಸಿನ ಕಾಳಿನಷ್ಟು ಕಪ್ಪು ಕಲೆ, ಅದರ ಸುತ್ತ ನೀಲಿ. ಅಂಥದ್ದನ್ನು ಕಂಡಾಗ ಪಟ್ಟಿಯಣ್ಣ ಏನು ಮಾಡುತ್ತಾರೆಂದು ಆಸ್ಪತ್ರೆಗೆಲ್ಲ ಗೊತ್ತು. ಕೂಗಾಡಿ, ರೋಗಿಯನ್ನು ಹೆದರಿಸಿ, ತಾವೇ ಗಾಲಿಕುರ್ಚಿ ತಳ್ಳಿಕೊಂಡು ಮಹಡಿಯ ಸರ್ಜನ್ ಕೋಣೆಗೆ ನುಗ್ಗುತ್ತಾರೆ. “ಈಗಲೇ ನೋಡಿ ಸಾರ್, ಆಮೇಲೆ ಊಟ,” ಎಂದು ಸರ್ಜನ್ನರ ಬುತ್ತಿಯ ಮುಚ್ಚಳ ಮುಚ್ಚಿಸಿದವರು ಅವರು.

ಅಂದು ಹಾಗೆ ಮಾಡಬೇಕಾದರೆ ಬಾಯಿ ಬಿಡಬೇಕಿತ್ತು. ಬಾಯಿ ಬಿಟ್ಟರೆ ಬಾಗಿಲಲ್ಲಿರುವವಳಿಗೆ ಅಪ್ಪನ ಗುರುತು ಸಿಗಲು ಒಂದೇ ಮಾತು ಸಾಕಿತ್ತು.

“ಹೇಳ್ತೀನಿ, ಹೇಳ್ತೀನಿ ಅಂದ್ಕೊಂಡೇ ತೊಳೆದೆ. ಮದ್ದಿಡುವಾಗಲೂ ಅದೇ. ಕಟ್ಟಿ ಮುಗೀತು. ಮಂಗಳವಾರ ಇವರೊಬ್ರೇ ಬರ್ತಾರಲ್ಲ, ಆವಾಗ ಹೇಳೋಣ ಅನ್ಕೊಂಡೆ. ಮೂರೇ ದಿನ ತಾನೆ,” ಎನ್ನುತ್ತಾರೆ ಪಟ್ಟಿಯಣ್ಣ. “ಇದನ್ನ ಯೋಚನೆ ಮಾಡಿದ್ದು ಹೊಸಬ ಅಲ್ಲ ಸ್ವಾಮಿ. ಮೂರು ದಿನದಲ್ಲಿ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಗೊತ್ತಿರೋನು ಈ ಆಸ್ಪತ್ರೇಲೇ ಇರ್ಲಿಲ್ಲ.”

ಟೀಚರು ಎದ್ದು ನಿಂತು ನಮಸ್ಕಾರ ಹೇಳಿದರು. ಇವರು ತಲೆಯಾಡಿಸಿದರು. ಕಾರಿಡಾರಿನ ಉದ್ದಕ್ಕೂ ಮಗಳ ಧ್ವನಿ ಕೇಳುತ್ತಿತ್ತು: “ಪಾಪ, ಅವರು ದಿನಾ ಇದನ್ನ ಹೇಗೆ ಮಾಡ್ತಾರೋ ಮಿಸ್.”

ಭಾನುವಾರ ಅವರಿಗೆ ರಜೆ. ಟೀಚರ ಮನೆ ಎಲ್ಲಿದೆ ಎಂದು ಮಗಳನ್ನು ಕೇಳಿದರೆ ಸಾಕಿತ್ತು. ಮಗಳು ಎದುರಿಗೇ ಕೂತು ಓದುತ್ತಿದ್ದಳು. ಕೇಳಲಿಲ್ಲ. ಮಂಗಳವಾರ ಬಂತು, ಟೀಚರು ಬರಲಿಲ್ಲ. ಮಧ್ಯಾಹ್ನದವರೆಗೂ ಪಟ್ಟಿಯಣ್ಣ ನಿಮಿಷಕ್ಕೊಮ್ಮೆ ಬಾಗಿಲು ನೋಡಿದರು. ಬುಧವಾರ ಬೆಳಗ್ಗೆ ಪಕ್ಕದ ಮನೆಯವರು ಅವರನ್ನು ಹಿಡಿದುಕೊಂಡು ಬಂದರು. ಎರಡು ದಿನದಿಂದ ಚಳಿಜ್ವರ. ಪಟ್ಟಿ ಬಿಚ್ಚಿದಾಗ ಎರಡೂ ಬೆರಳು ಬುಡದವರೆಗೆ ಕಪ್ಪಾಗಿದ್ದವು.

ಆಗ ಪಟ್ಟಿಯಣ್ಣ ಬಾಯಿ ಬಿಟ್ಟರು. ಕಾರಿಡಾರು ನಡುಗುವಂತೆ ಕೂಗಿ, ಗಾಲಿಕುರ್ಚಿ ತರಿಸಿ, ತಾವೇ ತಳ್ಳಿಕೊಂಡು ಮೇಲಕ್ಕೆ ಓಡಿದರು. ಅದೇ ದಿನ ಎರಡು ಬೆರಳು ತೆಗೆದರು.

ಶನಿವಾರವೇ ತಂದಿದ್ದರೆ ಉಳಿಯುತ್ತಿತ್ತೇ ಎಂದು ಅವರು ಸರ್ಜನ್ನರನ್ನು ಕೇಳಿದ್ದಾರೆ. ಒಂದು ಉಳಿಯಬಹುದಿತ್ತು, ಎರಡೂ ಉಳಿಯಬಹುದಿತ್ತು, ಎರಡೂ ಹೋಗಲೂಬಹುದಿತ್ತು ಎಂದರು ಸರ್ಜನ್. “ನನ್ನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಮೂರನೇದನ್ನ ಸೇರಿಸಿದ್ರು,” ಎನ್ನುತ್ತಾರೆ ಪಟ್ಟಿಯಣ್ಣ. “ನಾನು ಅದನ್ನ ತಗೊಂಡಿಲ್ಲ.”

ಶಸ್ತ್ರಚಿಕಿತ್ಸೆಯಾದ ನಾಲ್ಕನೇ ದಿನ ವಾರ್ಡಿಗೆ ಹೋದರು. ಮಾಸ್ಕು ಕೆಳಗಿಳಿಸಿ ಮಂಚದ ಪಕ್ಕ ನಿಂತರು. ಏನೆಂದು ಶುರು ಮಾಡುವುದೆಂದು ತಿಳಿಯದೆ, “ಮೇಡಂ, ನಾನು…” ಎನ್ನುವಷ್ಟರಲ್ಲಿ ಟೀಚರು ಕೈ ಅಡ್ಡ ಹಿಡಿದರು.

“ಎರಡನೇ ದಿನವೇ ಗೊತ್ತಾಯ್ತು. ಆರು ವರ್ಷ ನಿಮ್ಮ ಪಕ್ಕ ನಿಂತು ನೋಡಿದೀನಿ. ಪೇಟದ ತುದೀನ ಹಾಗೆ ಎರಡು ಸಲ ಮಡಚಿ ಸಿಕ್ಕಿಸೋರು ಬೇರೆ ಯಾರಿದ್ದಾರೆ?”

ಪಟ್ಟಿಯಣ್ಣ ನಿಂತಲ್ಲೇ ಶನಿವಾರದ್ದನ್ನು ಹೇಳಿದರು. ಕಪ್ಪು ಕಲೆ ಕಂಡದ್ದು, ಅದು ಏನೆಂದು ತಿಳಿದದ್ದು, ಬಾಗಿಲಲ್ಲಿದ್ದ ಮಗಳಿಗೆ ಈ ಕೆಲಸದ ವಿಷಯ ಗೊತ್ತಿಲ್ಲವೆಂಬುದು, ಮಂಗಳವಾರಕ್ಕೆ ಮುಂದೂಡಿದ್ದು. ಒಂದನ್ನೂ ಬಿಡಲಿಲ್ಲ. ಟೀಚರಿಗೆ ಆ ಕಲೆಯ ವಿಷಯ ಗೊತ್ತಿರಲಿಲ್ಲ. ಅವರ ಮುಖದ ಬಣ್ಣ ಇಳಿಯಿತು.

“ಆ ಪದಕ್ಕೆ ಒಂದು ಅರ್ಥ ಹೇಳೋದು ಬಾಕಿ ಇತ್ತು,” ಅಂದರು. “ಡ್ರೆಸ್ಸಿಂಗ್ ಡೌನ್. ಹಿಡಿದು ನಿಲ್ಲಿಸಿ ಚೆನ್ನಾಗಿ ಉಗಿಯೋದು. ನಿಂತ್ಕೊಳ್ಳಿ.”

ಹತ್ತು ನಿಮಿಷ ಉಗಿದರು. ಧ್ವನಿ ಏರಿಸಲಿಲ್ಲ, ಒಂದು ಕೆಟ್ಟ ಮಾತಿಲ್ಲ. ಪಕ್ಕದ ಮಂಚದವರು ಪಾಠ ನಡೆಯುತ್ತಿದೆ ಎಂದುಕೊಂಡಿರಬೇಕು. “ನಿಮ್ಮ ಕೆಲಸ ನಿಮಗೆ ನಾಚಿಕೆ ಅನ್ನಿಸಿದ್ರೆ ಅದು ನಿಮ್ಮ ಕರ್ಮ. ಅದರ ಬೆಲೆ ನನ್ನ ಕಾಲು ಯಾಕೆ ಕೊಡ್ಬೇಕು?” ಎಂದು ಕೇಳಿದರು. ಉಗಿದು ದಣಿದ ಮೇಲೆ ಟೀಚರು ದಿಂಬಿಗೆ ಒರಗಿದರು.

“ನಂದೂ ತಪ್ಪಿದೆ. ಗೊತ್ತಾದ ದಿನವೇ ಹೆಸರು ಹಿಡಿದು ಮಾತಾಡಿಸ್ಬೇಕಿತ್ತು. ನಿಮ್ಮ ಮರ್ಯಾದೆ ಉಳೀಲಿ ಅಂತ ಸುಮ್ಮನಿದ್ದೆ. ನಿಮಗೆ ನಿಮ್ಮ ಮರ್ಯಾದೆ, ನನಗೂ ನಿಮ್ಮ ಮರ್ಯಾದೆ. ಇಬ್ಬರೂ ಸೇರಿ ಎರಡು ಬೆರಳು ತಿಂದ್ವಿ.” ಆಮೇಲೆ ಅಂದರು: “ನಾನು ಕ್ಷಮಿಸಿದೆ ಅಂತ ತಿಳ್ಕೊಂಡು ಹೋಗ್ಬೇಡಿ. ಮೊದಲು ಮಗಳಿಗೆ ಹೇಳಿ.”

ಅಂದು ಸಂಜೆ ಅವರು ಆಸ್ಪತ್ರೆಯಲ್ಲಿ ಸ್ನಾನ ಮಾಡಲಿಲ್ಲ. ಅದೇ ಅಂಗಿಯಲ್ಲಿ ಮನೆಗೆ ಹೋದರು. ಹೆಂಡತಿ ಬಾಗಿಲಲ್ಲಿ ಮುಖ ನೋಡಿದವಳೇ ಒಲೆ ಆರಿಸಿ ಬಂದು ಕೂತಳು. ಮಗಳಿಗೆ ಎಲ್ಲವನ್ನೂ ಹೇಳಿ ಮುಗಿಸಿದಾಗ ಅವಳು ಕೇಳಿದ್ದು ಕೆಲಸದ ಬಗ್ಗೆ ಅಲ್ಲ.

“ಅವತ್ತು ಅಲ್ಲಿ ಕೂತಿದ್ದು ನೀನಾ? ನನ್ನ ನೋಡಿದ್ಯಾ?”

“ಹ್ಞೂಂ.”

“ನೋಡಿಯೂ ಸುಮ್ಮನಿದ್ಯಾ?”

“ಸುಮ್ಮನಿದ್ದೆ.”

“ನಾನು ಕರ್ಚೀಫ್ ಹಿಡ್ಕೊಂಡೆ, ಅಪ್ಪ. ಮೂಗು ಮುಚ್ಕೊಂಡೆ. ಅದನ್ನೂ ನೋಡಿದ್ಯಾ?”

“ಇಲ್ಲ ಮರಿ. ಆ ಕಡೆ ಗಮನವೇ ಇರ್ಲಿಲ್ಲ.”

ಇದು ತಾನು ಮಗಳಿಗೆ ಹೇಳಿದ ಕೊನೆಯ ಸುಳ್ಳು ಎನ್ನುತ್ತಾರೆ ಪಟ್ಟಿಯಣ್ಣ. “ಈಗ ಪತ್ರಿಕೇಲಿ ಬಂದ್ರೆ ಓದ್ತಾಳೆ. ಓದ್ಲಿ. ಇದೊಂದನ್ನ ಎದುರಿಗೆ ಕೂತು ಹೇಳೋ ಧೈರ್ಯ ಇನ್ನೂ ಬಂದಿಲ್ಲ.”

ಮಗಳು ಹನ್ನೊಂದು ದಿನ ಮಾತಾಡಲಿಲ್ಲ. ಹನ್ನೆರಡನೇ ದಿನ ಬೆಳಗಿನ ಐದಕ್ಕೆ ಅವರು ಚಪ್ಪಲಿ ಮೆಟ್ಟುತ್ತಿದ್ದಾಗ ಅವಳೂ ಬಂದು ಪಕ್ಕದಲ್ಲಿ ಚಪ್ಪಲಿ ಮೆಟ್ಟಿದಳು. ಕೋಣೆಯಲ್ಲಿ ಒಂದು ಗಂಟೆ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಿದಳು. ಎರಡು ಸಲ ಹೊರಗೆ ಹೋಗಿ ವಾಂತಿ ಮಾಡಿ ಬಂದಳು. ಆದರೂ ವಾಪಸು ಬಂದು ಕೂತಳು. ಹೊರಡುವಾಗ, “ಸಂಜೆ ಬೇಗ ಬಾ,” ಎಂದಳು. ಅಷ್ಟು ಸಾಕಾಯಿತು ಎನ್ನುತ್ತಾರೆ ಅಪ್ಪ. ಪೂರ್ತಿ ಸರಿಹೋಗಿದೆಯೇ ಎಂದರೆ ಕೈಯನ್ನು ಅತ್ತಿತ್ತ ಆಡಿಸುತ್ತಾರೆ. “ಮೇಲೆ ಚರ್ಮ ಕೂಡಿದೆ. ಒಳಗೆ ತುಂಬ್ಕೊಳ್ಳೋಕೆ ಸಮಯ ಬೇಕು.”

ಗಂಟೆ ಹನ್ನೊಂದಾಗಿದೆ. ಬೆಳಗಿನಿಂದ ಇದು ನಲವತ್ತಮೂರನೆಯ ಗಾಯ. ಗಾರೆ ಕೆಲಸದ ಹೆಂಗಸೊಬ್ಬಳ ಹಿಮ್ಮಡಿಗೆ ಮೊಳೆ ಹೊಕ್ಕಿದೆ. “ಯಾವಾಗ ಚುಚ್ಚಿದ್ದು? ಮೊನ್ನೆನಾ? ಮೊನ್ನೆ ಚುಚ್ಚಿದ್ದಕ್ಕೆ ಇವತ್ತು ಬರೋದಾ ತಾಯಿ? ಏಳು, ಮೊದಲು ಸೂಜಿ ಹಾಕಿಸ್ಕೊಂಡು ಬಾ, ಇಲ್ದಿದ್ರೆ ನಾನು ಮುಟ್ಟಲ್ಲ.” ಧ್ವನಿ ಕಾರಿಡಾರಿನ ಆ ತುದಿಗೂ ಕೇಳುತ್ತದೆ. ಅವಳು ಗೊಣಗುತ್ತಾ ಏಳುತ್ತಾಳೆ. ಇವರು ಬಾಗಿಲವರೆಗೆ ಹೋಗಿ, ಅವಳು ಸರಿಯಾದ ಕೋಣೆಗೇ ಹೋದಳೇ ಎಂದು ನೋಡಿ ಬರುತ್ತಾರೆ.

ನಿವೃತ್ತಿಗೆ ಇನ್ನು ಮೂರು ವರ್ಷ. ಏನಾದರೂ ಆಸೆ ಉಳಿದಿದೆಯೇ ಎಂದರೆ ಪಟ್ಟಿಯಣ್ಣ ಗಾಜ್ ಮಡಚುವುದನ್ನು ನಿಲ್ಲಿಸುತ್ತಾರೆ.

ಟೀಚರ ಗಾಯ ಮಾಯ್ದು ವರ್ಷವಾಗಿದೆ. ಈಗ ಅವರಿಗೆ ಪಟ್ಟಿ ಬೇಕಿಲ್ಲ. ಆದರೆ ಸಕ್ಕರೆ ಕಾಯಿಲೆಯವರ ಪಾದಕ್ಕೆ ಸಣ್ಣ ಗೀರೂ ಆಗಬಾರದೆಂದು, ಉಗುರು ಕತ್ತರಿಸಿಕೊಳ್ಳಲು ತಿಂಗಳಿಗೊಮ್ಮೆ ಇಲ್ಲಿಗೇ ಬರುತ್ತಾರೆ. ಪಟ್ಟಿಯಣ್ಣ ನೆಲದ ಮೇಲೆ ಕೂತು, ಪಾದವನ್ನು ಮಡಿಲಿಗೆ ತೆಗೆದುಕೊಂಡು, ಮೊದಲು ಬೆರಳುಗಳ ಸಂದುಗಳನ್ನೆಲ್ಲ ಒಂದೊಂದಾಗಿ ನೋಡುತ್ತಾರೆ. ಬಲಗಾಲಲ್ಲಿ ಐದು ಬೆರಳು, ಎಡಗಾಲಲ್ಲಿ ಮೂರು. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಟೀಚರು ಈಗ ಪಾಠ ಮಾಡುವುದಿಲ್ಲ. ಇವರು ಮಾತಾಡುತ್ತಾರೆ, ಅವರು ಕೇಳುತ್ತಾರೆ. ಕ್ಷಮಿಸಿದ್ದೇನೆ ಎಂದು ಅವರು ಇವತ್ತಿನವರೆಗೆ ಹೇಳಿಲ್ಲ. ಇವರೂ ಕೇಳಿಲ್ಲ.

“ರಿಟೈರ್ ಆದ್ಮೇಲೆ ಇಲ್ಲಿ ನನ್ನ ಜಾಗಕ್ಕೆ ಯಾರೋ ಬರ್ತಾರೆ. ಆವಾಗಲೂ ಅವರ ಉಗುರು ತೆಗೆಯೋದು ಮಾತ್ರ ನನಗೇ ಇರ್ಲಿ ಅಂತ ಆಸೆ. ಮನೆಗೇ ಬಂದು ಮಾಡ್ಕೊಡ್ತೀನಿ ಅಂತ ಹೋದ ತಿಂಗಳು ಕೇಳಿದೆ,” ಎನ್ನುತ್ತಾರೆ ಪಟ್ಟಿಯಣ್ಣ. ಮುಂದಿನ ರೋಗಿಯತ್ತ ತಿರುಗಿ ಕುರ್ಚಿ ತೋರಿಸುತ್ತಾರೆ.

“ಹ್ಞೂಂ ಅಂದಿಲ್ಲ. ಬೇಡ ಅಂತಾನೂ ಅಂದಿಲ್ಲ.”